ಸುಂಕದಕಟ್ಟೆ ಬಸ್ಸು, 304ರ ಕಾರು

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೀಟಿಂಗ್ ಇತ್ತು. ವಿಷಯ ಒಂದೇ. ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಬೇಕು, ಖರ್ಚನ್ನು 48 ಮನೆಯವರೂ ಸಮನಾಗಿ ಹಂಚಿಕೊಳ್ಳಬೇಕು. ಎಲೆಕ್ಟ್ರಿಕ್ ಕಾರು ಇರುವುದು ಮೂರೇ ಮನೆಯಲ್ಲಿ. ಈ ಐಡಿಯಾ 304ನೇ ಮನೆ ಸಾಹೇಬರದು. "ಸಮಾನತೆ ಅಂದ್ರೆ ಇದೇ ಅಲ್ವಾ ಸಾರ್?" ಅಂತ ನನ್ನ ಕಡೆ ನೋಡಿದರು. ನನ್ನ ಹತ್ತಿರ ಇರುವುದು 2011ರ ಸ್ಕೂಟರ್. ಅದು ಈಗೀಗ ಕಿಕ್ ಹೊಡೆದರೂ ಏಳುವುದಿಲ್ಲ.

304ರವರು ಒಳ್ಳೆಯವರು, ಮೊದಲೇ ಹೇಳಿಬಿಡುತ್ತೇನೆ. ಪ್ರಗತಿಪರರು. ಅವರ ಎಲೆಕ್ಟ್ರಿಕ್ ಕಾರಿಗೆ ಹಸಿರು ನಂಬರ್ ಪ್ಲೇಟು. ಬೆಳಿಗ್ಗೆ ಅದರ ಮುಂದೆ ಬಟ್ಟೆ ಹಿಡಿದು ನಿಂತರೆ, ನಮ್ಮಜ್ಜಿ ತುಳಸಿಕಟ್ಟೆ ಮುಂದೆ ನಿಂತ ಹಾಗೇ ಕಾಣುತ್ತಾರೆ. ಜಾತಿ ಹೋಗಬೇಕು ಅನ್ನುತ್ತಾರೆ. ಪರಿಸರ ಉಳಿಯಬೇಕು ಅನ್ನುತ್ತಾರೆ. ಬಡವರು ಮೇಲೆ ಬರಬೇಕು ಅಂತಲೂ ಅನ್ನುತ್ತಾರೆ. ಆಮೇಲೆ ಟೀ ಒಂದು ಗುಟುಕು ಕುಡಿದು "ಆದ್ರೆ..." ಅನ್ನುತ್ತಾರೆ. ಆ "ಆದ್ರೆ" ಶುರುವಾಯಿತು ಅಂದರೆ ನಾನು ಕುರ್ಚಿ ಹುಡುಕುತ್ತೇನೆ. ಅರ್ಧ ಗಂಟೆ ಗ್ಯಾರಂಟಿ.

"ಆದ್ರೆ ಈ ಬಿಟ್ಟಿ ಬಸ್ಸು ಇದೆ ನೋಡಿ ಸಾರ್, ಇದು ಜನರನ್ನ ಸೋಮಾರಿ ಮಾಡ್ತಿದೆ. ನಮ್ಮ ಟ್ಯಾಕ್ಸ್ ದುಡ್ಡು."

ನಮ್ಮನೆ ಕೆಲಸಕ್ಕೆ ಬರುವ ಅಕ್ಕ ಆಗ ಅಲ್ಲೇ ಮೆಟ್ಟಿಲು ಒರೆಸುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವರು ಸೋಮಾರಿಯಾಗಿ, ಬೆಳಿಗ್ಗೆ ಐದಕ್ಕೆ ಎದ್ದು, ಸುಂಕದಕಟ್ಟೆಯಿಂದ ಎರಡು ಬಸ್ಸು ಹತ್ತಿ ಇಳಿದು, ನಾಲ್ಕು ಮನೆ ಪಾತ್ರೆ ತೊಳೆಯುತ್ತಿದ್ದಾರೆ.

ಸುಂಕದಕಟ್ಟೆ! ಮಾಗಡಿ ರಸ್ತೆಯ ಆ ಊರಿನ ಹೆಸರಿನಲ್ಲೇ ಟ್ಯಾಕ್ಸ್ ಇದೆ ನೋಡಿ. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡರೆ ಏನೂ ಗಿಟ್ಟುವುದಿಲ್ಲ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಆದರೂ ಆ ಕಾಲದ ಸುಂಕದವನು ಕಟ್ಟೆ ಮೇಲೆ ಕಣ್ಣಿಗೆ ಕಾಣುವ ಹಾಗೆ ಕೂತಿರುತ್ತಿದ್ದ. ಬೈಯ್ಯಬಹುದಿತ್ತು. ಈಗಿನವರು ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೂರುತ್ತಾರೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನ ಮರಳುಗಾಡಿಗೆ ಹೋಗಿ ಕೂತು, ಪಾಪ್‌ಕಾರ್ನ್ ಬಗ್ಗೆ ಮಾತಾಡಿದರು. ಉಪ್ಪು ಮಸಾಲೆ ಹಾಕಿ ಬಿಡಿಯಾಗಿ ಮಾರಿದರೆ ಶೇ. 5. ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ ಶೇ. 12. ಕ್ಯಾರಮೆಲ್ ಸುರಿದರೆ ಶೇ. 18 ಅಂದರು ಆಗ. ನಾವೇನು ಕಮ್ಮಿಯೇ? 2020ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪರೋಟ ರೊಟ್ಟಿಯಲ್ಲ ಅಂತ ಆದೇಶ ಹೊರಟಿತ್ತು. ಆಗ ರೊಟ್ಟಿಗೆ 5, ಪರೋಟಕ್ಕೆ 18. ಒಂದೊಂದು ಪದರಕ್ಕೂ ಬೆಲೆ ಕಟ್ಟಿದ ಹಾಗೆ.

ಕಾರಿನ ಕತೆ ಇನ್ನೂ ಮಜಾ. ನಮ್ಮ ದೇಶದಲ್ಲಿ ಕಾರು ಸಣ್ಣದೋ ದೊಡ್ಡದೋ ಅಂತ ತೀರ್ಮಾನಿಸುವುದು ಟೇಪು. ನಾಲ್ಕು ಮೀಟರ್ ಒಳಗಿದ್ದರೆ ಸಣ್ಣದು, ಟ್ಯಾಕ್ಸ್ ಕಮ್ಮಿ. ಅದಕ್ಕೇ ಕಂಪನಿಗಳು ಎಷ್ಟೋ ಕಾರುಗಳ ಡಿಕ್ಕಿಯನ್ನು ಮಚ್ಚಿನಲ್ಲಿ ಕೊಚ್ಚಿದ ಹಾಗೆ ಕೊಚ್ಚಿ ಮಾರಿದವು. ಮುಂದೆ ಸೊಗಸಾದ ಮೂತಿ, ಹಿಂದೆ ಬಾಲ ಕತ್ತರಿಸಿದ ನಾಯಿ. ಈಗಲೂ ಪೆಟ್ರೋಲ್ ಕಾರು ನಾಲ್ಕು ಮೀಟರ್ ಮತ್ತು 1200 ಸಿಸಿ ಒಳಗಿದ್ದರೆ ಶೇ. 18, ಒಂದಿಂಚು ಆಚೆ ಹೋದರೆ ಶೇ. 40. ಎಲೆಕ್ಟ್ರಿಕ್ ಕಾರಿಗೆ ಮಾತ್ರ ಟೇಪು ಹಿಡಿಯುವುದಿಲ್ಲ. ಎಷ್ಟೇ ಉದ್ದ ಇರಲಿ, ಎಷ್ಟೇ ಕೋಟಿ ಇರಲಿ, ಶೇ. 5. 2025ರ ಸೆಪ್ಟೆಂಬರ್ 21ರವರೆಗೆ ಅಕ್ಕ ಟೀಯಲ್ಲಿ ಅದ್ದುವ ಐದು ರೂಪಾಯಿ ಬಿಸ್ಕತ್ತಿಗೆ ಶೇ. 18 ಇತ್ತು. ಕೋಟಿ ರೂಪಾಯಿಯ ಎಲೆಕ್ಟ್ರಿಕ್ ಕಾರಿಗೆ ಶೇ. 5. ಪರಿಸರಕ್ಕೆ ಬಿಸ್ಕತ್ತಿನಿಂದ ಅಷ್ಟೊಂದು ಹಾನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಎಲೆಕ್ಟ್ರಿಕ್ ಬೇಡ ಅಂತ ನಾನು ಹೇಳುತ್ತಿಲ್ಲ. ಸಿಲ್ಕ್ ಬೋರ್ಡಿನಲ್ಲಿ ವರ್ಷಗಟ್ಟಲೆ ಹೊಗೆ ಕುಡಿದವನು ನಾನು. ರೇವಾ ಅಂತ ಪುಟ್ಟ ಕಾರು 2001ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿತ್ತು, ಆಗ ನಾವೆಲ್ಲ ಚಪ್ಪಲಿ ಡಬ್ಬ ಅಂತ ನಕ್ಕಿದ್ದೆವು. 2017ರಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ನೀತಿ ತಂದ ಮೊದಲ ರಾಜ್ಯ ನಮ್ಮದು. ಹೆಮ್ಮೆ ಇದೆ.

ಆದರೂ ಬಿಟ್ಟಿ ಅಂದರಲ್ಲ, ಅದು ಕುಟುಕಿತು. ಮನೆಗೆ ಬಂದು ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ.

304ರವರು ಕಾರು ಕೊಂಡದ್ದು 2024ರ ಕೊನೆಗೆ, 18 ಲಕ್ಷಕ್ಕೆ. ಅದೇ ಬೆಲೆಯ ಪೆಟ್ರೋಲ್ ಕಾರಾಗಿದ್ದರೆ ಆಗ ರಾಜ್ಯಕ್ಕೆ ಶೇ. 17 ಲೈಫ್ ಟ್ಯಾಕ್ಸ್ ಕಟ್ಟಬೇಕಿತ್ತು. ಸೆಸ್ಸು ಬಿಟ್ಟು 3 ಲಕ್ಷದ 6 ಸಾವಿರ. ಅವರು ಕಟ್ಟಿದ್ದು ಸೊನ್ನೆ. ಆ ವರ್ಷ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಶೇ. 10 ಹಾಕಿದ್ದರು, ಇವರದು ಅದರ ಕೆಳಗೇ ಇತ್ತು. ಇನ್ನು ಅಕ್ಕ. ಹೋಗಿ ಬರಲು ದಿನಕ್ಕೆ 50 ರೂಪಾಯಿ ಅಂದುಕೊಳ್ಳಿ. ತಿಂಗಳಿಗೆ 26 ದಿನ. 304ರವರು ಒಂದೇ ಮಧ್ಯಾಹ್ನ ಶೋರೂಮಿನಲ್ಲಿ ಉಳಿಸಿದ ದುಡ್ಡನ್ನು ಅಕ್ಕ ಬಸ್ಸಿನಲ್ಲಿ ಉಳಿಸಬೇಕಾದರೆ ಸುಮಾರು ಹತ್ತೊಂಬತ್ತೂವರೆ ವರ್ಷ ಬೇಕು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತೈದು ದಾಟಿರುತ್ತದೆ, ಮಂಡಿ ಈಗಲೇ ನೋಯುತ್ತಿದೆ.

ಅಕ್ಕನದು ಬಿಟ್ಟಿ. 304ರವರದು ಪ್ರೋತ್ಸಾಹ.

ಅಕ್ಕ ಹತ್ತುವ ಬಸ್ಸು ಎಷ್ಟೋ ಸಲ ಎಲೆಕ್ಟ್ರಿಕ್ ಬಸ್ಸೇ. ಅದರಲ್ಲಿ ಅರವತ್ತು ಜನ ಜೋತು ಬಿದ್ದು ಹೋಗುತ್ತಾರೆ. 304ರ ಕಾರಿನಲ್ಲಿ ಹೋಗುವುದು ಅವರೊಬ್ಬರೇ, ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್. ನನ್ನ ಸ್ಕೂಟರ್ ವಿಷಯ ಬಿಡಿ. ಪೆಟ್ರೋಲ್ ಮೇಲಿನ ರಾಜ್ಯದ ತೆರಿಗೆ 2024ರ ಜೂನ್‌ನಲ್ಲಿ ಶೇ. 25.92ರಿಂದ 29.84ಕ್ಕೆ ಏರಿದಾಗಿನಿಂದ ನಾನು ಲೀಟರ್ ಲೆಕ್ಕ ಬಿಟ್ಟು "ನೂರು ರೂಪಾಯಿಗೆ ಹಾಕಪ್ಪ" ಅನ್ನುತ್ತೇನೆ. ನೋವು ಕಮ್ಮಿ.

"ನಮ್ಮ ಟ್ಯಾಕ್ಸ್ ದುಡ್ಡು" ಅನ್ನುವವರನ್ನು ಕಂಡರೆ ಈಗೀಗ ನನಗೆ ನಗು ಬರುವುದಿಲ್ಲ. ಅಕ್ಕ ಮೊಬೈಲ್ ರೀಚಾರ್ಜ್ ಮಾಡಿಸಿದರೆ ಶೇ. 18 ಹೋಗುತ್ತದೆ. 304ರವರು ಮಾಡಿಸಿದರೂ ಶೇ. 18. ಒಬ್ಬರ ತಿಂಗಳ ದುಡಿಮೆ 14 ಸಾವಿರ, ಇನ್ನೊಬ್ಬರದು ನಾನು ಕೇಳಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಬೇಕರಿಯವರಿಗೆ, ಕಾಂಡಿಮೆಂಟ್ಸ್‌ನವರಿಗೆ, ಟೀ ಅಂಗಡಿಯವರಿಗೆ ನೋಟಿಸ್ ಕಳಿಸಿದರಲ್ಲ, ಹಾವೇರಿಯಲ್ಲಿ ತರಕಾರಿ ಮಾರುವವರಿಗೂ ಒಂದು ಹೋಗಿತ್ತು. ನಾಲ್ಕು ವರ್ಷದಲ್ಲಿ ಯುಪಿಐನಲ್ಲಿ 1.63 ಕೋಟಿ ಬಂದಿದೆ, 29 ಲಕ್ಷ ಕಟ್ಟಿ ಅಂತ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಟೊಮೇಟೊ ಮಾರಿ ಬಂದ ದುಡ್ಡಿನಲ್ಲಿ ಮತ್ತೆ ಟೊಮೇಟೊ ತಂದು ಮಾರುತ್ತಾನೆ, ಅದು ಲಾಭವಲ್ಲ, ಓಡಾಡುವ ದುಡ್ಡು, ಅಷ್ಟೂ ಗೊತ್ತಾಗಲ್ವಾ ಇವರಿಗೆ? ಗೊತ್ತಾಗುತ್ತದೆ. ಕ್ಯೂಆರ್ ಕೋಡ್ ಅಂಟಿಸಿಕೊಂಡವನು ಕೈಗೆ ಸಿಗುತ್ತಾನೆ, ಅಷ್ಟೇ. ಆಮೇಲೆ ಗಲಾಟೆಯಾಗಿ, ಮುಖ್ಯಮಂತ್ರಿ ಸಭೆ ಕರೆದು, ಹಳೇ ಬಾಕಿ ಬೇಡ ಅಂದರು. ಅಷ್ಟರಲ್ಲಿ ನಮ್ಮ ಬೀದಿ ಬೇಕರಿಯವನು "ಓನ್ಲಿ ಕ್ಯಾಶ್" ಅಂತ ರಟ್ಟಿನ ಮೇಲೆ ಬರೆದು, ಕೋಡಿನ ಮೇಲೇ ನೇತು ಹಾಕಿದ್ದ. ಆ ವಾರ 304ರವರು ವಾಕಿಂಗ್‌ನಲ್ಲಿ ಸಿಕ್ಕಿ "ಎಲ್ಲಾ ಟ್ಯಾಕ್ಸ್ ಕಳ್ಳರು ಸಾರ್, ಕಟ್ಲಿ ಬಿಡಿ" ಅಂದಿದ್ದರು.

ಚಾರ್ಜಿಂಗ್ ಪಾಯಿಂಟ್ ಪಾಸಾಯಿತು. ಮನೆಗೆ 3,500. ವಿರೋಧ ಮಾಡಿದವರು ನಾನು ಮತ್ತು ನೆಲಮಹಡಿಯ ರಿಟೈರ್ಡ್ ಮೇಷ್ಟ್ರು. ಮೇಷ್ಟ್ರಿಗೆ ಕಿವಿ ಮಂದ, ಅವರು ಯಾವುದಕ್ಕೆ ಕೈ ಎತ್ತಿದರೋ ನನಗಿನ್ನೂ ಅನುಮಾನ.

ಸಂಜೆ 304ರವರು ರಸೀದಿ ಪುಸ್ತಕವಿಲ್ಲದೆ ಬಾಗಿಲಿಗೆ ಬಂದರು. ನಾನು ಫೋನ್ ತೆಗೆದೆ, ಕೋಡ್ ತೋರಿಸಿ ಅಂದೆ.

ಅವರು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು. "ಯುಪಿಐ ಬೇಡ ಸಾರ್. ಸಂಘದ ಅಕೌಂಟಲ್ಲಿ ಜಾಸ್ತಿ ಕಾಣಿಸಿದ್ರೆ ಜಿಎಸ್‌ಟಿ ತಲೆನೋವು. ಕ್ಯಾಶ್ ಕೊಟ್ಬಿಡಿ."