ಬ್ಯಾಕಪ್ ಇದೆಯಾ ಅಂತ ಕೇಳಬೇಡಿ, ತೆಗೆದು ತೋರಿಸಿ ಅನ್ನಿ

"ಬ್ಯಾಕಪ್ ಆಗ್ತಿದೆಯೇನಪ್ಪಾ?" "ಆಗ್ತಿದೆ ಸಾರ್." ಎಷ್ಟೋ ಕಂಪನಿಗಳಲ್ಲಿ ಐಟಿ ಮೇಲಿನ ಮೇಲ್ವಿಚಾರಣೆ ಇಷ್ಟಕ್ಕೇ ಮುಗಿಯುತ್ತದೆ. ಜಾಸ್ತಿ ಕೇಳಿದರೆ ತನಗೆ ಗೊತ್ತಿಲ್ಲ ಅನ್ನೋದು ಬಯಲಾಗುತ್ತದೆ ಅಂತ ಮ್ಯಾನೇಜರು ಸುಮ್ಮನಾಗುತ್ತಾರೆ. ಇದೇ ಮ್ಯಾನೇಜರು ಗೋಡೌನಿಗೆ ಹೋದರೆ ಸ್ಟಾಕ್ ರಿಜಿಸ್ಟರ್ ನಂಬದೆ ಮೂಟೆ ಎಣಿಸುತ್ತಾರೆ! ಸರ್ವರಿನ ವಿಷಯದಲ್ಲೂ ಎಣಿಸಬೇಕು, ಅದಕ್ಕೆ ಕೋಡಿಂಗ್ ಬರಬೇಕಾಗಿಲ್ಲ.

ಗಿಟ್‌ಲ್ಯಾಬ್ ಅಂತ ಒಂದು ಕಂಪನಿ, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುತ್ತದೆ. ಅದರ ಗಿರಾಕಿಗಳೂ ಪ್ರೋಗ್ರಾಮರ್‌ಗಳೇ. 2017ರ ಜನವರಿ 31ರಂದು ಅಲ್ಲಿನ ಇಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಫೋಲ್ಡರ್ ಅಳಿಸಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ ತೆಗೆಯೋಣ ಅಂತ ಹೋದರೆ ಜಾಗವೇ ಖಾಲಿ. ಡೇಟಾಬೇಸ್ 9.6 ಆವೃತ್ತಿಯದು, ಬ್ಯಾಕಪ್ ಮಾಡುವ ಪ್ರೋಗ್ರಾಂ 9.2ರದ್ದು, ಓಡಿದಾಗಲೆಲ್ಲ ಫೇಲ್ ಆಗುತ್ತಿತ್ತು. ಫೇಲ್ ಆಗಿದೆ ಅಂತ ಮೇಲ್ ಕೂಡ ಹೊರಡುತ್ತಿತ್ತು, ಆದರೆ ಅದಕ್ಕೆ ಬೇಕಾದ ದೃಢೀಕರಣ ಇಲ್ಲದ್ದರಿಂದ ಮೇಲ್ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಬೇರೆ ಯಾವುದೋ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಪ್ರತಿಯೊಂದು ಕೈಹಿಡಿಯಿತು. ನಡುವಿನ ಆರು ಗಂಟೆಯ ಡೇಟಾ ಹೋಯಿತು. (ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದುಕೊಂಡರು. ನಮ್ಮಲ್ಲಾದರೆ "ಟೆಕ್ನಿಕಲ್ ಇಶ್ಯೂ" ಅಂದು ಮುಗಿಸುತ್ತಿದ್ದರು.)

ಹಾಗಾಗಿ ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿಸಿ, ಅಂದರೆ ಬ್ಯಾಕಪ್‌ನಿಂದ ಡೇಟಾ ವಾಪಸ್ ತೆಗೆಸಿ. ತಾರೀಕು ನೀವು ಹೇಳಿ: "ಹೋದ ತಿಂಗಳು 15ರ ಬ್ಯಾಕಪ್ ತೆಗೀರಿ". ಬೇರೆ ಕಂಪ್ಯೂಟರಿನಲ್ಲೇ ಆಗಬೇಕು. ಓಡುತ್ತಿರುವ ಸರ್ವರಿನ ಮೇಲೆ ಮಾಡಿದರೆ ಇವತ್ತಿನ ಲೆಕ್ಕದ ಮೇಲೆ ಹಳೆಯದು ಬಂದು ಕೂರುತ್ತದೆ. ತೆರೆದ ಮೇಲೆ ಟ್ರಯಲ್ ಬ್ಯಾಲೆನ್ಸ್, ಕೊನೆಯ ಇನ್‌ವಾಯ್ಸ್ ನಂಬರ್, ಯಾವುದಾದರೂ ಮೂರು ಐಟಂಗಳ ಸ್ಟಾಕ್, ಇಷ್ಟನ್ನು ಆ ದಿನದ ಪ್ರಿಂಟ್ ಜೊತೆ ನೀವೇ ತಾಳೆ ಹಾಕಿ. ಶುರುವಾದ ಗಂಟೆ, ಮುಗಿದ ಗಂಟೆ ಬರೆದಿಡಿ. ಮೊದಲ ಸಲ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಬ್ಯಾಕಪ್ ಫೈಲಿನ ಪಾಸ್‌ವರ್ಡ್ ಕೆಲಸ ಬಿಟ್ಟುಹೋದವರ ತಲೆಯಲ್ಲಿರುತ್ತದೆ, ಸಾಫ್ಟ್‌ವೇರ್ ಲೈಸೆನ್ಸ್ ಹಳೆ ಮಷೀನಿಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಸ್ಕ್ಯಾನ್ ಮಾಡಿದ ಬಿಲ್‌ಗಳ ಫೋಲ್ಡರ್ ಪಟ್ಟಿಯಲ್ಲೇ ಇರುವುದಿಲ್ಲ. ಬ್ಯಾಕಪ್ ಇರುವ ಹಾರ್ಡ್ ಡಿಸ್ಕ್ ಇಪ್ಪತ್ನಾಲ್ಕು ಗಂಟೆಯೂ ಸರ್ವರಿಗೇ ಸಿಕ್ಕಿಸಿದ್ದರೆ, ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದ ದಿನ ಅದಕ್ಕೂ ಬೀಗ ಬೀಳುತ್ತದೆ.

ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳಬಹುದು, ಎಷ್ಟು ಗಂಟೆ ಕೆಲಸ ನಿಂತರೆ ನಡೆಯುತ್ತದೆ? ಈ ಎರಡನ್ನು ಐಟಿಯವರ ಕೈಗೆ ಬಿಡುವುದು ದೊಡ್ಡ ತಪ್ಪು ಅನ್ನೋದು ನನ್ನ ಅಭಿಪ್ರಾಯ, ಏಕೆಂದರೆ ಇದು ವ್ಯಾಪಾರದ ಪ್ರಶ್ನೆ. ರಾತ್ರಿ 11ಕ್ಕೆ ಒಂದೇ ಬ್ಯಾಕಪ್ ಆಗುತ್ತದೆ, ಮರುದಿನ ಸಂಜೆ 5ಕ್ಕೆ ಡಿಸ್ಕ್ ಕೆಟ್ಟಿತು ಅಂದುಕೊಳ್ಳಿ. ಹಗಲಿನ 40 ಇನ್‌ವಾಯ್ಸ್ ನಿಮ್ಮ ಪುಸ್ತಕದಲ್ಲಿಲ್ಲ, ಆದರೆ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ದಾಖಲಾಗಿವೆ. ಸಾಫ್ಟ್‌ವೇರ್ ಮತ್ತೆ ಅದೇ ನಂಬರುಗಳನ್ನು ಕೊಡಲು ಶುರು ಮಾಡುತ್ತದೆ, ಪೋರ್ಟಲ್ ಡೂಪ್ಲಿಕೇಟ್ ಅಂತ ತಿರಸ್ಕರಿಸುತ್ತದೆ. ಲಾರಿ ಗೇಟಿನಲ್ಲಿ ನಿಂತಿರುತ್ತದೆ. ಇದು ಬೇಡ ಅಂದರೆ ಗಂಟೆಗೊಮ್ಮೆ ಬ್ಯಾಕಪ್‌ಗೆ ದುಡ್ಡು ಹಾಕಬೇಕು. ಹಾಕಬೇಕೋ ಬೇಡವೋ ಅಂತ ಹೇಳಬೇಕಾದವರು ನೀವು.

ವೆಂಡರ್ ಮಾತಿನ ವಿಷಯಕ್ಕೆ ಬಂದರೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ನೋಡಬೇಕು. 2018ರ ಏಪ್ರಿಲ್‌ನಲ್ಲಿ ಸುಮಾರು 52 ಲಕ್ಷ ಗ್ರಾಹಕರನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿದರು. ಸೋಮವಾರದ ಹೊತ್ತಿಗೆ ಲಕ್ಷಾಂತರ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. ವ್ಯವಸ್ಥೆ ಎರಡು ಡೇಟಾ ಸೆಂಟರ್‌ಗಳಲ್ಲಿ ಓಡಬೇಕಿತ್ತು, ಮುಖ್ಯವಾದ ಪರೀಕ್ಷೆಗಳು ಒಂದರಲ್ಲಷ್ಟೇ ಆಗಿದ್ದವು. ಸಿದ್ಧ ಅಂತ ವೆಂಡರ್ ಬರೆದುಕೊಟ್ಟ ಪತ್ರದಲ್ಲಿದ್ದದ್ದು ಬಹುಪಾಲು "ಆಗುತ್ತದೆ" ಅನ್ನುವ ನಿರೀಕ್ಷೆ, "ಆಗಿದೆ" ಅನ್ನುವ ದಾಖಲೆ ಅಲ್ಲ. 2022ರಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. ಮರುವರ್ಷ ಅಲ್ಲಿ ಐಟಿ ಮುಖ್ಯಸ್ಥರಾಗಿದ್ದವರಿಗೆ ವೈಯಕ್ತಿಕವಾಗಿ 81,620 ಪೌಂಡ್. ವೆಂಡರ್ ಬ್ಯಾಂಕಿನ ಆಗಿನ ಮಾತೃಸಂಸ್ಥೆಯದ್ದೇ ಕಂಪನಿ. ಮನೆಯವರೇ ಅಂತ ಗಟ್ಟಿಯಾಗಿ ಕೇಳದೇ ಹೋದರೋ ಏನೋ.

ಹೊಸ ಸಾಫ್ಟ್‌ವೇರಿಗೆ ಹೋಗುವಾಗ ಯಾವ ಟೆಸ್ಟ್, ಯಾವ ದಿನ, ಎಷ್ಟು ಜನ ಒಟ್ಟಿಗೆ ಲಾಗಿನ್ ಆಗಿದ್ದರು, ಏನು ಫೇಲ್ ಆಯಿತು ಅಂತ ಬರಹದಲ್ಲಿ ತರಿಸಿಕೊಳ್ಳಿ. ಎಷ್ಟು ಗಂಟೆಯೊಳಗೆ ಸರಿಹೋಗದಿದ್ದರೆ ಹಳೆಯದಕ್ಕೆ ವಾಪಸ್ ಅನ್ನೋದು ಮೊದಲೇ ತೀರ್ಮಾನವಾಗಿರಲಿ. ಡೊಮೇನ್ (ನಿಮ್ಮ ವೆಬ್‌ಸೈಟಿನ ವಿಳಾಸ) ಯಾರ ಹೆಸರಲ್ಲಿದೆ ಅಂತಲೂ ನೋಡಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಸ್ವಂತ ಮೇಲ್‌ನಲ್ಲಿದ್ದರೆ ಇವತ್ತೇ ಬದಲಾಯಿಸಿ.

ಇನ್ನೊಂದು. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರಿನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ) 180 ದಿನ ಇಟ್ಟಿರಬೇಕು. ಭಾನುವಾರ ಬೆಳಗಿನ ಜಾವ ಮೂರಕ್ಕೆ ಆ ವರದಿ ಕಳಿಸುವವರು ಯಾರು, ಅವರ ಫೋನ್ ಸ್ವಿಚ್ ಆಫ್ ಇದ್ದರೆ ಮುಂದಿನವರು ಯಾರು? ಈ ಎರಡು ಹೆಸರು ಕಾಗದದ ಮೇಲೆ ಬರೆದಿಡಿ. ಸರ್ವರಿನೊಳಗಿನ ಫೈಲಿನಲ್ಲಲ್ಲ.