ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಎಸ್ಪಿರಿಟೊ ಸ್ಯಾಂಟೊ ಟ್ರೋಫಿ ಅಂದರೆ ಹವ್ಯಾಸಿ ಮಹಿಳಾ ಗಾಲ್ಫರ್‌ಗಳ ವಿಶ್ವ ತಂಡ ಚಾಂಪಿಯನ್‌ಷಿಪ್. 1964ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಯಿತು, ಮೊದಲ ಸಲ ಗೆದ್ದದ್ದೂ ಫ್ರಾನ್ಸೇ. ದೇಶಕ್ಕೆ ಮೂವರು ಆಟಗಾರ್ತಿಯರು, ನಾಲ್ಕು ದಿನ, ದಿನಕ್ಕೆ 18 ಹೋಲ್. ಚೆಂಡನ್ನು 18 ಗುಂಡಿಗೂ ಹಾಕಲು ಹಿಡಿದ ಹೊಡೆತಗಳ ಮೊತ್ತವೇ ದಿನದ ಸ್ಕೋರ್, ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರತಿದಿನ ಮೂರು ಸ್ಕೋರ್‌ಗಳಲ್ಲಿ ಕಡಿಮೆ ಇರುವ ಎರಡನ್ನು ಕೂಡಿಸುತ್ತಾರೆ, ಮೂರನೆಯದನ್ನು ಬಿಡುತ್ತಾರೆ. ಒಟ್ಟು 12 ಕಾರ್ಡ್‌ಗಳಲ್ಲಿ 8 ಲೆಕ್ಕಕ್ಕೆ, 4 ಕಸದ ಬುಟ್ಟಿಗೆ.

ಇದನ್ನು ಕೇಳಿದವರು ತಕ್ಷಣ ಹೇಳುವುದು: ‘ಇಬ್ಬರು ಚೆನ್ನಾಗಿ ಆಡಿದರೆ ಸಾಕಲ್ಲ, ಮೂರನೆಯವಳು ಆಟಕ್ಕುಂಟು ಲೆಕ್ಕಕ್ಕಿಲ್ಲ.’ ಈ ಮಾತು ತಪ್ಪು. ನನ್ನ ಪ್ರಕಾರ ತಂಡ ಕಟ್ಟುವಾಗ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಆ ಮೂರನೆಯ ಜಾಗದ ಬಗ್ಗೆಯೇ.

ಒಂದು ಲೆಕ್ಕ ಹಾಕಿ ನೋಡಿ. ಇಬ್ಬರು ಆಟಗಾರ್ತಿಯರು ದಿನಾ 72 ಹೊಡೆಯುತ್ತಾರೆ ಅಂದುಕೊಳ್ಳಿ. ಮೂರನೆಯವಳು ದಿನಾ 73. ಅವಳ ಕಾರ್ಡ್ ಒಂದು ದಿನವೂ ಎಣಿಕೆಗೆ ಬರಲ್ಲ, ತಂಡದ ಮೊತ್ತ 576. ಈಗ ಅವಳ ಬದಲು 68, 78, 68, 78 ಹೊಡೆಯುವವಳನ್ನು ಹಾಕಿ. ಸರಾಸರಿ ಅದೇ 73. ಆದರೆ 68 ಬಂದ ಎರಡು ದಿನ ತಂಡಕ್ಕೆ 140, 78 ಬಂದ ದಿನ ಅದನ್ನು ಬಿಟ್ಟು 144. ಒಟ್ಟು 568. ಎಂಟು ಹೊಡೆತ ಉಳಿಯಿತು! ಎಂಟು ಹೊಡೆತ ಅಂದರೆ ಈ ಮಟ್ಟದಲ್ಲಿ ಹಲವು ಸ್ಥಾನಗಳ ವ್ಯತ್ಯಾಸ. ಬರೀ ಸರಾಸರಿ ನೋಡಿ ಆಯ್ಕೆ ಮಾಡುವವರಿಗೆ ಇದು ಕಾಣಿಸುವುದೇ ಇಲ್ಲ.

ಹಾಗಂತ ಮೂವರೂ ಏರಿಳಿತದವರೇ ಆದರೆ ಕಥೆ ಮುಗಿಯಿತು. ಒಂದೇ ದಿನ ಇಬ್ಬರು 78 ಹೊಡೆದರೆ ಬಿಡಲು ಆಗುವುದು ಒಂದನ್ನು ಮಾತ್ರ. ಅಂಥ ದಿನಗಳು ಬರೀ ದುರದೃಷ್ಟದಿಂದ ಬರುವುದಲ್ಲ. ಮಧ್ಯಾಹ್ನದ ಗಾಳಿ ಎದ್ದಾಗ ಅಂಗಳದಲ್ಲಿರುವ ಎಲ್ಲರ ಸ್ಕೋರೂ ಒಟ್ಟಿಗೇ ಏರುತ್ತದೆ. ಅದಕ್ಕೇ ಇಬ್ಬರು ಗಟ್ಟಿ ಕಾಲಿನವರು, ಒಬ್ಬಳು ಸಿಡಿಯುವವಳು ಅನ್ನುವುದೇ ನನಗೆ ಸರಿ ಕಾಣುವ ಜೋಡಣೆ.

ಬಿಟ್ಟ ಕಾರ್ಡ್ ಸತ್ತೇ ಹೋಯಿತು ಅನ್ನುವಂತೆಯೂ ಇಲ್ಲ. 2022ರಲ್ಲಿ ಪ್ಯಾರಿಸ್ ಹತ್ತಿರ ನಡೆದ ಟೂರ್ನಿಯಲ್ಲಿ ಸ್ವೀಡನ್ ಮತ್ತು ಅಮೆರಿಕ ಎರಡೂ 559ಕ್ಕೆ ಮುಗಿಸಿದವು, ಪಾರ್‌ಗಿಂತ (ಅಂಗಳಕ್ಕೆ ನಿಗದಿಯಾದ ಹೊಡೆತಗಳ ಸಂಖ್ಯೆ) 13 ಕಡಿಮೆ. ಟೈ ಬಿಡಿಸಲು ನೋಡಿದ್ದು ಕೊನೆಯ ದಿನ ಬಿಟ್ಟಿದ್ದ ಮೂರನೆಯ ಸ್ಕೋರನ್ನು. ಕಪ್ ಸ್ವೀಡನ್‌ಗೆ ಹೋಯಿತು. ಎಣಿಕೆಗೆ ಬರಲ್ಲ ಅಂತ 17ನೇ ಹೋಲ್‌ನಲ್ಲಿ ನಾಲ್ಕಡಿ ಪಟ್ (ಗುಂಡಿಗೆ ಉರುಳಿಸುವ ಹೊಡೆತ) ಅನ್ನು ಉದಾಸೀನದಿಂದ ತಳ್ಳುವವರು ಇದನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಯಾರ ಕಾರ್ಡ್ ಬಿಟ್ಟುಹೋಗುತ್ತದೆ ಅನ್ನುವುದೂ ಮೊದಲೇ ಗೊತ್ತಿರಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಮಹಿಳಾ ತಂಡ ಸ್ಪರ್ಧೆಗೂ ಇದೇ ಮೂರರಲ್ಲಿ ಎರಡರ ಲೆಕ್ಕ (ಅಲ್ಲಿ ವೃತ್ತಿಪರರಿಗೂ ಅವಕಾಶ ಇತ್ತು ಅನ್ನುವುದು ಬೇರೆ ಮಾತು). ಭಾರತದ ಮೂವರೂ ನಮ್ಮವರೇ: ಬೆಂಗಳೂರಿನ ಅದಿತಿ ಅಶೋಕ್, ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಮೂರನೇ ದಿನ 61 ಹೊಡೆದ ಅದಿತಿ ಕೊನೆಯ ದಿನ 77 ಹೊಡೆದರು. ವೈಯಕ್ತಿಕ ಬೆಳ್ಳಿ ಬಂತು, ಚಿನ್ನ ಕೈತಪ್ಪಿತು. ಅಷ್ಟು ದೊಡ್ಡ ಆಟಗಾರ್ತಿಗೇ ಒಂದೇ ರಾತ್ರಿಯಲ್ಲಿ 16 ಹೊಡೆತದ ವ್ಯತ್ಯಾಸ ಬರಬಹುದಾದರೆ ಉಳಿದವರ ಮಾತೇನು?

ಇನ್ನು ಅಂಗಳದಲ್ಲಿ ಎಡವುವುದು ಎಲ್ಲಿ? ಒಂದೇ ತಂಡದ ಮೂವರು ಒಟ್ಟಿಗೆ ಆಡುವುದಿಲ್ಲ. ಬೇರೆ ಬೇರೆ ಗುಂಪಿನಲ್ಲಿ, ಬೇರೆ ದೇಶದವರ ಜೊತೆ ಇರುತ್ತಾರೆ. ಹೀಗೆ ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಸ್ಥಳೀಯ ನಿಯಮದ ವಿನಾಯಿತಿ ಇಲ್ಲದಿದ್ದರೆ ತಂಡದವಳ ಹತ್ತಿರವೂ ‘ಯಾವ ಕ್ಲಬ್ ಹೊಡೆದೆ?’ (ಕ್ಲಬ್ ಅಂದರೆ ಹೊಡೆಯುವ ಕೋಲು) ಅಂತ ಕೇಳುವಂತಿಲ್ಲ, ಎರಡು ಹೊಡೆತ ದಂಡ. ಆದರೆ ಸುದ್ದಿ ಹಬ್ಬುವುದನ್ನು ಯಾರು ತಡೆಯುತ್ತಾರೆ? ಮುಂದಿನ ಗುಂಪಿನಲ್ಲಿರುವ ತಂಡದವಳು ಆರು ಓವರ್ (ಪಾರ್‌ಗಿಂತ ಆರು ಹೆಚ್ಚು) ಅಂತ ಕಿವಿಗೆ ಬಿದ್ದ ಕೂಡಲೇ ಹಿಂದಿನವಳ ತಲೆ ಕೆಡುತ್ತದೆ. ಪಾರ್-5 ಹೋಲ್ (ಐದು ಹೊಡೆತ ನಿಗದಿ), ಗ್ರೀನ್ (ಗುಂಡಿ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ನೀರು, ಇನ್ನೂ 210 ಗಜ ಬಾಕಿ, ಚೆಂಡು ಪಾದಕ್ಕಿಂತ ಕೆಳಗೆ ಕೂತಿದೆ. ಬೇರೆ ದಿನವಾದರೆ ಗ್ರೀನ್‌ಗೆ 90 ಗಜ ಉಳಿಯುವಂತೆ ಇಟ್ಟು, ಹತ್ತಿರದ ಹೊಡೆತಕ್ಕಿರುವ ವೆಜ್‌ನಲ್ಲಿ ಆಡುತ್ತಿದ್ದಳು. ಇವತ್ತು ದೂರ ಹೊಡೆಯುವ ವುಡ್ ಎತ್ತಿಕೊಳ್ಳುತ್ತಾಳೆ. ಆ ನಿಲುವಿನಲ್ಲಿ ಬಲಗೈಯವರ ಚೆಂಡು ಬಲಕ್ಕೆ ಹೊರಳುವುದು ಸಹಜ. ನೀರಿಗೆ ಬಿತ್ತು, ಒಂದು ಹೊಡೆತ ದಂಡ, ಆ ಹೋಲ್‌ಗೆ ಒಟ್ಟು ಏಳು. ಈಗ ಕೆಟ್ಟ ಕಾರ್ಡ್ ಎರಡಾಯಿತು. ಒಳ್ಳೆಯ ಕ್ಯಾಪ್ಟನ್ ಮೊದಲ ದಿನದ ಹಿಂದಿನ ಸಂಜೆಯೇ ಯಾವ ಹೋಲ್‌ನಲ್ಲಿ ಯಾವ ಸ್ಥಿತಿಯಲ್ಲೂ ನೀರು ದಾಟಲು ಹೋಗಬಾರದು ಅಂತ ಆಟಗಾರ್ತಿಯರ ಅಂಗಳದ ನಕ್ಷೆ ಪುಸ್ತಕದಲ್ಲಿ ಗುರುತು ಹಾಕಿಸಿರುತ್ತಾರೆ.

ಬೆಂಗಳೂರಿನಲ್ಲಿ ಬೆಳೆದವರಿಗೆ ಇನ್ನೊಂದು ತಲೆನೋವು ಇದೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಗಾಳಿ ತೆಳು, ಚೆಂಡು ಮೂರು ಮೂರೂವರೆ ಶೇಕಡಾ ಜಾಸ್ತಿ ಹೋಗುತ್ತದೆ. ಇಲ್ಲಿ 150 ಗಜ ಹೋಗುವ ಐರನ್ (ಮಧ್ಯಮ ದೂರದ ಕ್ಲಬ್), 2023ರಲ್ಲಿ ಎಸ್ಪಿರಿಟೊ ಸ್ಯಾಂಟೊ ನಡೆದ, ಸಮುದ್ರಮಟ್ಟದಲ್ಲೇ ಇರುವ ಅಬುಧಾಬಿಯಂಥ ಕಡೆ 145ಕ್ಕೆ ಬೀಳುತ್ತದೆ. ಐದೇ ಗಜ ತಾನೇ ಅನ್ನಬೇಡಿ, ಗ್ರೀನ್ ಮುಂದಿನ ಬಂಕರ್ (ಮರಳು ಗುಂಡಿ) ಕೂತಿರುವುದೇ ಆ ಐದು ಗಜದಲ್ಲಿ. ಹೋದ ಮೊದಲ ದಿನ ಅಭ್ಯಾಸದ ರೇಂಜ್‌ನಲ್ಲಿ ಪ್ರತಿ ಐರನ್‌ನಿಂದ ಹತ್ತತ್ತು ಚೆಂಡು ಹೊಡೆದು, ನೆಲಕ್ಕೆ ಬೀಳುವ ದೂರವನ್ನು ಮಾತ್ರ ಬರೆದುಕೊಳ್ಳಬೇಕು, ಉರುಳಿದ್ದನ್ನು ಸೇರಿಸಬಾರದು.

ಕೊನೆಗೆ ಕಾರ್ಡ್. ನಿಮ್ಮ ಸ್ಕೋರ್ ಬರೆಯುವವಳು ಬೇರೆ ದೇಶದ ಮಾರ್ಕರ್. ಒಟ್ಟು ಮೊತ್ತ ಕೂಡುವುದು ಸಮಿತಿಯ ಕೆಲಸ, ಪ್ರತಿ ಹೋಲ್‌ನ ಅಂಕಿ ಸರಿಯಿದೆಯಾ ನೋಡುವುದು ಆಟಗಾರ್ತಿಯದ್ದು. 5 ಹೊಡೆದಲ್ಲಿ 6 ಅಂತಿದ್ದು ಸಹಿ ಹಾಕಿ ಕೊಟ್ಟರೆ 6 ಖಾಯಂ. 5 ಹೊಡೆದಲ್ಲಿ 4 ಅಂತಿದ್ದರೆ ಅನರ್ಹ. ಆ ಕಾರ್ಡ್ ಹೋದರೆ ಅವತ್ತು ಬಿಡುವುದಕ್ಕೆ ಏನೂ ಉಳಿಯಲ್ಲ, ಉಳಿದಿಬ್ಬರ ಸ್ಕೋರ್ ಎಷ್ಟೇ ಕೆಟ್ಟದಿರಲಿ, ಎರಡನ್ನೂ ಕೂಡಲೇಬೇಕು.