ಸ್ಪಷ್ಟನೆ: ‘ಆಂದ್ರೆಯಾ’ ಇಟಲಿಯಲ್ಲಿ ಗಂಡು ಹೆಸರು

‘ಆಂದ್ರೆಯಾ ಎಂಬುದು ಇಟಲಿಯ ಹೆಣ್ಣುಮಕ್ಕಳ ಹೆಸರು, ಕೊನೆಯ ಆಕಾರವೇ ಅದಕ್ಕೆ ಸಾಕ್ಷಿ’ ಎಂಬ ಮಾತು ಮಕ್ಕಳ ಹೆಸರುಗಳ ಪಟ್ಟಿಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಗ್ರೀಕ್ ಭಾಷೆಯಲ್ಲಿ ‘ಅನೇರ್’ ಎಂದರೆ ಗಂಡಸು. ಧೈರ್ಯ, ಪೌರುಷ ಎಂಬ ಅರ್ಥದ ಪದಗಳೂ ಅದೇ ಮೂಲದವು. ಅಲ್ಲಿಂದ ಹುಟ್ಟಿದ ‘ಆಂದ್ರೆಯಾಸ್’ ಎಂಬ ಹೆಸರು, ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನೂ ಪೇತ್ರನ ಸಹೋದರನೂ ಆದವನ ಮೂಲಕ ಕ್ರೈಸ್ತ ಜಗತ್ತಿನಲ್ಲೆಲ್ಲ ಹರಡಿ, ಇಟಾಲಿಯನ್ನಿನಲ್ಲಿ ಕೊನೆಯ ಸಕಾರವನ್ನು ಕಳೆದುಕೊಂಡು ಆಂದ್ರೆಯಾ ಎಂದಾಯಿತು. ಕನ್ನಡ ಬೈಬಲ್ಲಿನ ಅಂದ್ರೆಯನೂ ಇವನೇ.

ಆಕಾರಾಂತವಾದ ಮಾತ್ರಕ್ಕೆ ಹೆಸರು ಸ್ತ್ರೀಲಿಂಗವಾಗುವುದಿಲ್ಲ. ಲೂಕಾ, ನಿಕೋಲಾ ಎಂಬವೂ ಇಟಲಿಯಲ್ಲಿ ಗಂಡಸರ ಹೆಸರುಗಳೇ. ಲಿಯನಾರ್ಡೊ ಡ ವಿಂಚಿಯ ಗುರು ಆಂದ್ರೆಯಾ ದೆಲ್ ವೆರೋಕ್ಯೊ, ವಿಚೆಂಜಾ ನಗರದ ಚಹರೆಯನ್ನೇ ಬದಲಿಸಿದ ವಾಸ್ತುಶಿಲ್ಪಿ ಆಂದ್ರೆಯಾ ಪಲ್ಲಾದಿಯೊ (1508–1580), ನಮ್ಮ ಕಾಲದ ಗಾಯಕ ಆಂದ್ರೆಯಾ ಬೊಚೆಲ್ಲಿ, ಎಲ್ಲರೂ ಪುರುಷರು. ಇಂಥವರ ಹೆಸರನ್ನು ಕಂಡು ‘ಅವಳು’ ಎಂದು ಬರೆದುಬಿಡುವ ಅಪಾಯವಿರುವುದರಿಂದ ಈ ತಪ್ಪು ಸಣ್ಣದಲ್ಲ.

ಗೊಂದಲಕ್ಕೆ ಕಾರಣವೂ ಇದೆ. ಜರ್ಮನ್, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಬಳಕೆಯಲ್ಲಿ ಇದೇ ಅಕ್ಷರಗಳ ಹೆಸರು ಮುಖ್ಯವಾಗಿ ಹೆಣ್ಣುಮಕ್ಕಳದು. ಇಟಲಿಯಲ್ಲಿ ಹೆಸರು ಮಗುವಿನ ಲಿಂಗಕ್ಕೆ ಹೊಂದಬೇಕೆಂಬ ನಿಯಮವಿರುವುದರಿಂದ ಹುಡುಗಿಗೆ ಆಂದ್ರೆಯಾ ಎಂದು ಹೆಸರಿಡುವ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ವಿದೇಶಗಳ ರೂಢಿಯನ್ನೂ ಪರಿಗಣಿಸಿದ ಅಲ್ಲಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವು 2012ರಲ್ಲಿ ಅದಕ್ಕೆ ಅನುಮತಿ ನೀಡಿತು.